ಸಗಣಿ ಬೇಡದ ಕಣ

ಮೊನ್ನೆ ಮೆಣಸಿನಕಾಯಿ ಡಬ್ಬಿ ತೊಳೆಯಲೆಂದು ಬೋರಲು ಹಾಕಿದೆ. ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಜಾರಿ ಬಿತ್ತು. ಗಾಜಿನ ಹಾಗೆ ಆಚೆಯದು ಈಚೆ ಕಾಣುವ ಹಾಳೆ. ಈಗ ಕೆಂಪಾಗಿದೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಗುಂಡು, ಕೆಳಗೆ ನಾಲ್ಕು ಗೆರೆಯ ಒಂದು ಚೌಕ. ಘಾಟಿಗೆ ಸೀನು ಬಂತು. ಸೀನುತ್ತಲೇ ಎದುರು ಮನೆಯ ಇಂಜಿನಿಯರರು ನೆನಪಾದರು.

ಇಪ್ಪತ್ತು ವರ್ಷದ ಹಿಂದಿನ ಮಾತಿರಬೇಕು. ಬ್ಯಾಡಗಿಯಲ್ಲಿ ನಮ್ಮ ಬಾಗಿಲಿಗೆ ಅವರ ಬಾಗಿಲು ಎದುರು. ಕರೆಂಟ್ ಆಫೀಸಿನಲ್ಲಿ ದುಡಿದು ರಿಟೈರ್ ಆದವರು. ಆದರೂ ಕರೆಂಟ್ ಹೋದರೆ ಓಣಿಯ ಮಂದಿ ಅವರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ. ಗಿರಣಿಯಲ್ಲಿ ಜೋಳ ಅರ್ಧ ಬೀಸಿ ನಿಂತಾಗ ಹೋಗಿ ಬೈದಿದ್ದೇನೆ ಕೂಡ. ಅವರು ತಿರುಗಿ ಬೈಯುತ್ತಿರಲಿಲ್ಲ. "ಬರ್ತೈತ್ರಿ ಅಕ್ಕಾರ, ಬರ್ತೈತಿ" ಎನ್ನುತ್ತಿದ್ದರು. ಬರುತ್ತಿರಲಿಲ್ಲ, ಆ ಮಾತು ಬೇರೆ.

ರಾಣೆಬೆನ್ನೂರಿನಲ್ಲಿ ಇಂಜಿನಿಯರುಗಳದೊಂದು ಸಂಘವಿತ್ತು. ತಿಂಗಳಿಗೊಂದು ರವಿವಾರ ಕೂಡುತ್ತಿದ್ದರು, ಒಬ್ಬರು ಭಾಷಣ ಮಾಡುತ್ತಿದ್ದರು. ಅಲ್ಲಿ ಇವರು ಹಿಂದೊಮ್ಮೆ ಮಾತಾಡಿದಾಗ ಮಂದಿ ಒಬ್ಬೊಬ್ಬರಾಗಿ ಚಹಾಕ್ಕೆಂದು ಎದ್ದು ಹೋದವರು ತಿರುಗಿ ಬರಲಿಲ್ಲವಂತೆ. ಕಡೆಗೆ ಖುರ್ಚಿಗಳಿಗೆ ಮಾತಾಡಿ ಬಂದರು ಎಂದು ಅವರ ಹೆಂಡತಿಯೇ ನನಗೆ ಹೇಳಿದ್ದರು. ಈಗ ಸಂಘದವರು ಇನ್ನೊಂದು ಸಲ ಕರೆದಿದ್ದರು. ಈ ಸಲ ಊರ ಮಂದಿಯೂ ಬರುತ್ತಾರೆ, ಕನ್ನಡದಲ್ಲಿ ಹೇಳಬೇಕು ಎಂದಿದ್ದರು. ಇವರು ಆರಿಸಿಕೊಂಡ ವಿಷಯವೋ... ಆಕಾಶದಲ್ಲಿ ಬಿಸಿಲು ಹಿಡಿದು ಕರೆಂಟ್ ಮಾಡಿ, ತಂತಿಯಿಲ್ಲದೆ ನೆಲಕ್ಕೆ ಇಳಿಸುವುದು.

ಭಾಷಣ ಮೊದಲು ಮನೆಯಲ್ಲಿ ಹೇಳಿ ನೋಡೋಣವೆಂದರೆ ಹೆಂಡತಿ ಕೇಳಲು ಒಪ್ಪಲಿಲ್ಲ. ಹಾಗಾಗಿ ನನ್ನ ಕಟ್ಟೆಗೆ ಬಂದರು. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದೆ. ಕೈಗೆ ಕೆಲಸವಿತ್ತು, ಕಿವಿ ಖಾಲಿ ಇತ್ತು.

"ಬಿಸಿಲಂದ್ರ ಸಣ್ಣ ಸಣ್ಣ ಕಣ ಇರ್ತಾವ್ರಿ ಅಕ್ಕಾರ. ಬೆಳಕಿನ ಕಣ. ಅವನ್ನ ಆಕಾಶದಾಗ ಹಿಡೀತಾರ" ಎಂದರು.

ನಾನು ಗುತ್ತಲದ ಕಡೆಯ ಒಕ್ಕಲುತನದ ಮನೆಯಿಂದ ಬಂದವಳು. ಕಣ ಎಂದರೆ ನನಗೆ ಸುಗ್ಗಿಯ ಕಣ, ಸಗಣಿ ಸಾರಿಸಿ ಕಾಳು ಒಕ್ಕುವ ನೆಲ. "ಸಣ್ಣ ಕಣ ಮಾಡಿ ಏನ್ ಒಕ್ಕತೀರ್ರಿ? ದೊಡ್ಡದ ಮಾಡ್ರಿ. ಮತ್ತ ಅಷ್ಟ ಎತ್ತರಕ್ಕ ಸಾರಸಾಕ ಸಗಣಿ ಯಾರ್ ಒಯ್ತಾರ?" ಎಂದು ಕೇಳಿದೆ. ಕುಚೋದ್ಯವಲ್ಲ, ಖರೆಯೇ ಕೇಳಿದ್ದು.

ಅವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೈಯಲ್ಲಿದ್ದ ಕಾಗದಗಳನ್ನು ನೋಡಿದರು. ತಮ್ಮ ಕಣ ಎಂದರೆ ಧೂಳಿಗಿಂತ ಸಣ್ಣದು ಎಂದು ತಿಳಿಸಿ ಹೇಳಿದರು. ನನಗೆ ನಾಚಿಕೆಯಾಯಿತು. ಎರಡನೇ ಇಯತ್ತೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಮಾಸ್ತರರು ಬೆರಳಿನ ಗೆಣ್ಣಿನ ಮೇಲೆ ಹೊಡೆದಿದ್ದರು. ಮರುದಿನದಿಂದ ನಾನು ಸಾಲಿಗೆ ಹೋಗಲಿಲ್ಲ. "ನನಗ ತಿಳಿಯಂಗಿಲ್ಲ ಬಿಡ್ರಿ, ಕಲಿತವ್ರಿಗೆ ಹೇಳ್ರಿ" ಎಂದೆ.

"ತಿಳೀಲಿಲ್ಲ ಅನ್ನಾಕ ನೀವ ಬೇಕಾಗೀರ್ರಿ ನನಗ. ಕಲಿತವ್ರು ತಿಳೀದಿದ್ರೂ ತಲಿ ಅಲ್ಲಾಡಸ್ತಾರ, ಆಮ್ಯಾಲೆ ಎದ್ದು ಹೊಕ್ಕಾರ" ಎಂದರು.

ಎಂಟು ದಿನ ಬಂದರು. ನಾನು ತಿಳಿಯಲಿಲ್ಲ ಎಂದಲ್ಲೆಲ್ಲ ಕಾಗದದ ಮೇಲೆ ಗೀಟು ಹಾಕಿಕೊಂಡು ಹೋಗಿ, ಮರುದಿನ ಬೇರೆ ಥರ ಹೇಳುತ್ತಿದ್ದರು. ಅಷ್ಟು ಎತ್ತರದಲ್ಲಿ ಮೋಡವಿಲ್ಲ ಎಂದು ಅವರು ಹೇಳಿದಾಗ, "ಹಂಗಾರ ನನ್ನ ಕಾಯಿನೂ ಅಲ್ಲೇ ಒಣಗಾಕ ಕಳಸ್ರಿ" ಎಂದೆ. ಅದನ್ನೂ ಬರೆದುಕೊಂಡರು. ಒಂದು ದಿನ, "ಇದು ಯಾವಾಗ ಆಗ್ತೈತ್ರಿ?" ಎಂದು ಕೇಳಿದೆ.

"ನಮ್ಮ ಕಾಲಕ್ಕ ಆಗಂಗಿಲ್ಲ. ಭಾಳ ಖರ್ಚಿನ ಕೆಲಸ."

"ಆಗದಿದ್ದದ್ದನ್ನ ಹೇಳಾಕ ರಾಣೆಬೆನ್ನೂರಿನ ತನಕ ಯಾಕ ಹೊಕ್ಕೀರಿ?"

ಅವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ನೌಕರಿ ತುಂಬ ಮಂದಿಗೆ ಕರೆಂಟ್ ಇಲ್ಲ, ಇಲ್ಲ ಅಂತ ಹೇಳ್ಕೋತ ಬಂದೇನಿ. ಒಂದ ಸರ್ತಿ, ಐತಿ ಅಂತ ಹೇಳಬೇಕಾಗೇತ್ರಿ. ಮಂದಿ ಕುಂತು ಕೇಳಬೇಕು, ಅಷ್ಟ."

ಆವತ್ತು ನನಗೆ ಅರ್ಥವಾಯಿತು. ಈ ಮನುಷ್ಯನಿಗೆ ಬೇಕಾಗಿದ್ದುದು ಚಪ್ಪಾಳೆಯಲ್ಲ. ಖುರ್ಚಿ ಖಾಲಿಯಾಗಬಾರದು.

ಭಾಷಣದ ರವಿವಾರ ಅವರ ಹೆಂಡತಿಯೂ ನಾನೂ ಅವರ ಜೊತೆ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋದೆವು. ಸಭೆ ಮುಗಿದ ಮೇಲೆ ಹಲಗೇರಿಯಲ್ಲಿ ನನ್ನ ತಂಗಿಯನ್ನು ನೋಡಿ ಬರುವುದಿತ್ತು, ಅದೊಂದು ನೆಪ. ಸಂಘದ ಹಾಲ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಅಷ್ಟು ಮೆತ್ತನೆಯ ಖುರ್ಚಿಯ ಮೇಲೆ ಅದೇ ಮೊದಲು ಕೂತದ್ದು. ಮಂದಿ ಚೆನ್ನಾಗಿಯೇ ಸೇರಿದ್ದರು. ಪ್ಲಾಸ್ಟಿಕ್ ಹಾಳೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಒಂದು ಪೆಟ್ಟಿಗೆ ಇಟ್ಟಿದ್ದರು. ಇವರು ಶುರು ಮಾಡಿದರು. ಎರಡನೇ ಹಾಳೆ ಇಟ್ಟರೋ ಇಲ್ಲವೋ, ಕರೆಂಟ್ ಹೋಯಿತು.

ಗೋಡೆಯ ಮೇಲಿನ ಸೂರ್ಯ ಮಾಯ. ಫ್ಯಾನ್ ನಿಂತವು. ಎಲ್ಲರೂ ಗೊಳ್ಳೆಂದು ನಕ್ಕರು.

"ಸಾಹೇಬ್ರ, ಮೊದ್ಲ ನಮ್ಮೂರಿಗೆ ಕರೆಂಟ್ ಬಿಡಸ್ರಿ, ಆಕಾಶಕ್ಕ ಆಮ್ಯಾಲೆ ಹೋಗೂಣಂತ!" ಎಂದು ಮುಂದಿನ ಸಾಲಿನ ದಪ್ಪ ಮೀಸೆಯ ಕಾಂಟ್ರಾಕ್ಟರನೊಬ್ಬ ಕೂಗಿದ. "ನಡ್ರಿ, ಚಹಾ ಕುಡ್ಯೂಣು" ಎಂದು ಇನ್ನಾರೋ ಎದ್ದರು. ಖುರ್ಚಿಗಳು ಸರಿಯುವ ಸದ್ದು ಕೇಳಿತು. ಇಂಜಿನಿಯರರು ಹಾಳೆ ಕೈಯಲ್ಲಿ ಹಿಡಿದು ನಿಂತೇ ಇದ್ದರು.

ನನಗೆ ಸಿಟ್ಟು ಬಂತು. ಎಂಟು ದಿನ ಕೇಳಿದ್ದು ನಾನು. ಸೆರಗು ಸರಿ ಮಾಡಿಕೊಂಡು ನಿಂತು, "ಸಾಹೇಬ್ರ, ಕಣದ್ದು ಹೇಳ್ರಿ!" ಎಂದೆ. ನನ್ನ ದನಿ ದೊಡ್ಡದು. ಎದ್ದವರೆಲ್ಲ ತಿರುಗಿ ನೋಡಿದರು.

ಅವರು ನನ್ನನ್ನು ನೋಡಿದರು. ನಂತರ ಕಿಟಕಿಯ ಹತ್ತಿರ ಹೋಗಿ ಹಾಳೆಯನ್ನು ಬಿಸಿಲಿಗೆ ಹಿಡಿದರು. "ಇದು ಸೂರ್ಯ. ಇದು ಆಕಾಶದಾಗಿನ ಕಣ. ಮೋಡ ಇಲ್ಲ, ಮಳಿ ಇಲ್ಲ, ಸಗಣಿ ಹಾಕಿ ಸಾರಸೂದಿಲ್ಲ. ಇಲ್ಲೆ ರಾಶಿ ಆಗೂದು ಬಿಸಿಲು" ಎಂದರು. ದೂರಕ್ಕೆ ಕಾಣುತ್ತಿರಲಿಲ್ಲವಾದ್ದರಿಂದ ಮಂದಿ ಕಿಟಕಿಯ ಸುತ್ತ ನೆರೆದರು. ಬಾಗಿಲ ತನಕ ಹೋದವರೂ ಹಿಂದಕ್ಕೆ ಬಂದರು.

ಮೀಸೆಯವನು ಬಿಡಲಿಲ್ಲ. "ಅಷ್ಟ್ ಬಿಸಿಲು ರಾಶಿ ಮಾಡಿ ಮ್ಯಾಲಿಂದ ಬಿಟ್ರ ಕೆಳಗಿನ ದನಾ ಸುಟ್ಟು ಹೋಗಂಗಿಲ್ಲೇನ್ರಿ?"

ಅವರು ನಕ್ಕು, "ಅಕ್ಕಾರ, ಇದಕ್ಕ ನೀವ ಹೇಳ್ರಿ" ಎಂದರು.

ಅಷ್ಟು ಇಂಜಿನಿಯರುಗಳ ನಡುವೆ ನಾನು. ಆದರೆ ಇದನ್ನೇ ಕಟ್ಟೆಯ ಮೇಲೆ ನಾನೂ ಕೇಳಿ ತಿಳಿದುಕೊಂಡಿದ್ದೆ. "ಹಸಿ ಕಾಯಿ ರಾಶಿ ಒಟ್ಟಿದ್ರ ಒಳಗ ಕಾವು ಹುಟ್ಟಿ ಕೆಡ್ತೈತಿ. ಅದನ್ನ ತೆಳ್ಳಗ ಹರವಿದ್ರ ಏನೂ ಆಗಂಗಿಲ್ಲ. ಕೆಳಗ ಇನ್ನೊಂದು ದೊಡ್ಡ ಕಣ ಮಾಡಿ, ಅದರ ತುಂಬ ತೆಳ್ಳಗ ಹರವಿ ಇಳಸ್ತಾರ" ಎಂದೆ.

"ಇದಕ್ಕಿಂತ ಚಲೋ ನನಗ ಹೇಳಾಕ ಬರೂದಿಲ್ಲ" ಎಂದರು ಅವರು, ಎಲ್ಲರಿಗೂ ಕೇಳುವ ಹಾಗೆ. ಮೀಸೆಯವನು ಖುರ್ಚಿ ಎಳೆದು ಕಿಟಕಿಯ ಬಳಿಯೇ ಕೂತ. ಕರೆಂಟ್ ಯಾವಾಗ ತಿರುಗಿ ಬಂತೋ... ಫ್ಯಾನ್ ತಿರುಗತೊಡಗಿದರೂ ಪೆಟ್ಟಿಗೆಯ ಹತ್ತಿರ ಯಾರೂ ಹೋಗಲಿಲ್ಲ. ಚಹಾ ಆರಿಹೋಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಆ ಹಾಳೆ ನನ್ನ ಕೈಗೆ ಕೊಟ್ಟರು. "ನಿಮ್ಮ ಕಣ ನಿಮಗ" ಎಂದರು. ಒಳ್ಳೆ ಗಟ್ಟಿ ಹಾಳೆ, ಹುಳ ಬರದಂತೆ ಡಬ್ಬಿಯ ತಳಕ್ಕೆ ಹಾಸಿದೆ. ಪೂಜೆ ಮಾಡಲು ಬರುತ್ತದೆಯೇ? ಅದನ್ನು ನೋಡಿ ಅವರೂ ನಕ್ಕಿದ್ದರು.

ಕೆಲವು ವರ್ಷಗಳ ನಂತರ ಹಾವೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿದ್ದಾಗ ನಾನು ನೋಡಲು ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡೆ. ಆ ನಾಳೆ ಅವರಿಗೆ ಇರಲಿಲ್ಲ. ಅದು ನನ್ನ ತಪ್ಪು, ಅದಕ್ಕೆ ನೆಪ ಹೇಳುವುದಿಲ್ಲ.

ಆಕಾಶದ ಕರೆಂಟ್ ನಮ್ಮ ಓಣಿಗೆ ಇನ್ನೂ ಬಂದಿಲ್ಲ. ಆದರೆ ಆವತ್ತಿನಿಂದ ಬ್ಯಾಂಕಿರಲಿ, ದವಾಖಾನೆಯಿರಲಿ, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತೇನೆ. ಅಲ್ಲಿಯವರು ಬೇರೆ ಥರ ಹೇಳುವ ತನಕ ಏಳುವುದಿಲ್ಲ. ಇದನ್ನು ನನಗೆ ಕೊಟ್ಟವರು ಇಂಜಿನಿಯರರು. ಬದುಕಿದ್ದಾಗ ಹೇಳಲಿಲ್ಲ, ಅದಕ್ಕೇ ಈಗ ಹೇಳುತ್ತಿದ್ದೇನೆ.

ಹಾಳೆ ತೊಳೆದೆ, ಕೆಂಪು ಹೋಗಲಿಲ್ಲ. ಗುಂಡಿನ ಅರ್ಧ ಅಳಿಸಿತು, ಚೌಕ ಉಳಿಯಿತು. ಒಣಗಲೆಂದು ಕಟ್ಟೆಯ ಮೇಲೆ ಹಿಡಿದೆ. ನೆಲದ ಮೇಲೆ ಕೆಂಪು ಬಿಸಿಲು ಬಿತ್ತು, ನಾಲ್ಕು ಗೆರೆಯ ಕಣದ ಸಮೇತ. ಅವರಿಗೆ ತೋರಿಸೋಣವೆಂದು ತಲೆ ಎತ್ತಿದೆ. ಎದುರು ಬಾಗಿಲಲ್ಲಿ ಈಗ ಬೇರೆಯವರಿದ್ದಾರೆ.