ಕೀಲಿ ಕೊಡದ ಮೌನೇಶ

ಮಾನ್ವಿಯ ಮೆಕ್ಯಾನಿಕ್ ಮೌನೇಶನ ಬಳಿ ಹಳೆಯ ಸ್ಪೋರ್ಟ್ಸ್ ಕಾರು ಯಾರೇ ತರಲಿ, ಅವನು ಅದರ ಅಂದ ನೋಡುವುದಿಲ್ಲ. ಬಾನೆಟ್ ಎತ್ತಿ ಮೂಸಿ, ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಚುಕುತ್ತಾನೆ. ಬಿರುಕು ಕಂಡರೆ ಕಾರಿನ ಕೀಲಿ ಅವನ ಜೇಬಿಗೆ. ರಾಯಚೂರಿನ ರೈಸ್‌ಮಿಲ್ ಮಾಲೀಕರು, "ಗಾಡಿ ಚಲೋ ಓಡಾಕತ್ತದಲ್ಲೋ, ನಾಳಿ ಮದುವಿಗೆ ಹೋಗಬೇಕು" ಎಂದು ಗೋಗರೆದರೂ, "ಬಿಸಿ ಇಂಜಿನ್ ಮ್ಯಾಲ ಒಂದು ಹನಿ ಬಿದ್ರ ಸಾಕ್ರಿ ಯಪ್ಪಾ, ಹೊಸಾ ಪೈಪ್ ಹಾಕದ ಬಿಡಂಗಿಲ್ಲ" ಎನ್ನುತ್ತಾನೆ. ಬೈದವರಿಗೆ ಚಹಾ ತರಿಸುತ್ತಾನೆ, ಕೀಲಿ ಮಾತ್ರ ಕೊಡುವುದಿಲ್ಲ. ಆರು ವರ್ಷದ ಹಿಂದೆ ಪೈಪ್ ಬಿರುಕು ಬಿಟ್ಟ ಕಾರು ತಂದಿದ್ದ ಗಬ್ಬೂರಿನ ಹಾಲೇಶ ಅವಸರ ಮಾಡಿದಾಗ, "ಇನ್ನೊಂದು ವಾರ ನಡೀತದ, ಹೋಗ್ರಿ" ಎಂದು ಕಳಿಸಿದವನೂ ಇವನೇ. ದೇವದುರ್ಗದ ದಾರಿಯಲ್ಲಿ ಆ ಕಾರು ಹೊತ್ತಿ ಉರಿಯಿತು, ಹಾಲೇಶನ ಬೆರಳುಗಳು ಸುಟ್ಟು ಮುದುಡಿದವು. ಅಂದಿನಿಂದ ಪ್ರತಿ ಭಾನುವಾರ ಮೌನೇಶ ಗಬ್ಬೂರಿಗೆ ಹೋಗಿ ಅವನಿಗೆ ದಾಡಿ ಮಾಡಿ ಬರುತ್ತಾನೆ.