ಮೂರು ಸಾವಿರ ಕಡಿಮೆಗೆ ಸಿಕ್ಕಿದ ಕಾರು

2023ರಲ್ಲಿ ನಾನು ಸೌದಿಯ ದಮ್ಮಾಮಿನ ಒಂದು ತೈಲ ಸೇವಾ ಕಂಪೆನಿಯ ವಾಹನ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಇಪ್ಪತ್ತೆರಡು ವರ್ಷದ ಸರ್ವಿಸು. ನಮ್ಮ ದಕ್ಷಿಣ ಕನ್ನಡದವರು ಯಾರೇ ಹಳೆ ಕಾರು ಕೊಳ್ಳಲಿ, ನನ್ನನ್ನು ಜೊತೆಗೆ ಶೋರೂಮಿಗೆ ಕರೆದೊಯ್ಯುವುದು ವಾಡಿಕೆ. ಎಂಜಿನ್ ನೋಡಲಿಕ್ಕೆ ಎಂಬುದು ನೆಪ, ಬೇಕಾದದ್ದು ನನ್ನ ಬಾಯಿ. ಚೌಕಾಸಿಯಲ್ಲಿ ಅಬ್ಬಾಸಾಕನನ್ನು ಮೀರಿಸುವವರಿಲ್ಲ ಎಂದು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೂ ಏರಿತ್ತು.

ಸ್ಟೋರ್‌ಕೀಪರ್ ಹನೀಫ್ ಉಪ್ಪಿನಂಗಡಿಯವನು. ಅವನ ಹೆಂಡತಿ ಸಫಿಯಾ ಏಳು ತಿಂಗಳ ಬಸುರಿ. ಆಸ್ಪತ್ರೆಗೆ ಹೋಗಿಬರಲು ಕಾರು ಬೇಕಿತ್ತು. ಮೆಚ್ಚಿದ್ದು ಒಂದು ಬಿಳಿ ಸೆಡಾನ್, ಹೇಳಿದ ಬೆಲೆ ಮೂವತ್ತನಾಲ್ಕು ಸಾವಿರ ರಿಯಾಲ್. ಗಂಡ ಹೆಂಡತಿಯ ಜೊತೆ ನಾನೂ ಶೋರೂಮಿಗೆ ಹೋದೆ.

ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರಿತು. ಆದರೆ ಚಾಲಕನ ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಿನ ಬಣ್ಣ ಒಂಚೂರು ಹೊಸದು. ಗ್ಲೋವ್ ಬಾಕ್ಸ್ ಕಳಚಿ ಟಾರ್ಚ್ ಬಿಟ್ಟೆ. ಏರ್‌ಬ್ಯಾಗಿನ ಜಾಗ ಖಾಲಿ. ವಯರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಟೇಪು ಸುತ್ತಿದ್ದರು. ಕಡ್ಡಿಯ ತುಂಡಿನಷ್ಟು ಸಣ್ಣ ಈ ಬಿಡಿಭಾಗ ಇದ್ದರೆ ಸಾಕು, ಏರ್‌ಬ್ಯಾಗ್ ಇದೆಯೆಂದೇ ಕಾರಿನ ಕಂಪ್ಯೂಟರ್ ನಂಬುತ್ತದೆ. ಎಲ್ಲೋ ಗುದ್ದಿ ಏರ್‌ಬ್ಯಾಗ್ ಸಿಡಿದಿದ್ದ ಕಾರು. ಹೊಸದು ಹಾಕುವ ಬದಲು ಕಾರಿಗೇ ಸುಳ್ಳು ಹೇಳಲು ಕಲಿಸಿದ್ದರು, ಕಳ್ಳರು. ನನ್ನ ಮೈ ಉರಿಯಿತು.

ಉರಿದು ನಾನು ಮಾಡಿದ್ದೇನು? ಹನೀಫ್, ಸಫಿಯಾರನ್ನು ಹೊರಗೆ ಕಾರಿನ ಬಳಿ ಬಿಟ್ಟು, ಒಳಗೆ ಹೋಗಿ ಅದನ್ನೇ ಹಿಡಿದು ಬೆಲೆ ಇಳಿಸಲು ಕೂತೆ. ಸೇಲ್ಸ್‌ಮ್ಯಾನ್ ಐನೂರು ಬಿಡುತ್ತೇನೆಂದ, ನಾನು ಐದು ಸಾವಿರ ಎಂದೆ. ಎರಡು ಸಲ ಎದ್ದು ಬಾಗಿಲವರೆಗೆ ನಡೆದೆ, ಎರಡು ಸಲವೂ ವಾಪಸ್ ಕರೆದ. ಕೊನೆಗೆ ಮೂವತ್ತೊಂದಕ್ಕೆ ಇಳಿದ. ಗೆದ್ದೆ ಎಂದುಕೊಂಡು ಹೊರಗೆ ಬಂದು ಇಬ್ಬರಿಗೂ ವಿಷಯ ಹೇಳಿದೆ.

ಹನೀಫ್ ಹಿಗ್ಗಿಹೋದ. "ಏರ್‌ಬ್ಯಾಗ್ ಮತ್ತೆ ಹಾಕಿಸುವ ಮಾರಾಯ್ರೇ, ಈಗ ಅರ್ಜೆಂಟ್ ಎಂತ?" ಎಂದ.

ಸಫಿಯಾ ಕಾರಿನ ಆ ಬದಿಯ ಬಾಗಿಲು ತೆರೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹಾಗಾದ್ರೆ ಆ ಮೂರು ಸಾವಿರ ನನ್ನ ಸೀಟಿನದ್ದಾ, ಅಬ್ಬಾಸಾಕ?"

ನಾಚಿಕೆಯಿಂದ ನೆಲ ನೋಡಿದೆ. "ಈ ಕಾರು ಬೇಡ, ನಡಿ," ಎಂದು ಹನೀಫನ ತೋಳು ಹಿಡಿದು ಹೊರಟೆ. ಸೇಲ್ಸ್‌ಮ್ಯಾನ್ ಹಿಂದೆಯೇ ಬಂದ. "ಇನ್ನೊಂದು ಸಾವಿರ ಬಿಡ್ತೇನೆ ಭಾಯ್, ಕೂತು ಮಾತಾಡುವ." ಅವನ ಕಾಲರ್ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಅವನನ್ನು ಏನೆಂದು ಬೈಯಲಿ? ಈ ವ್ಯಾಪಾರ ಶುರುಮಾಡಿದ್ದೇ ನಾನು.

ಸರ್ಕಾರಿ ಇಲಾಖೆಗೆ ದೂರು ಕೊಡೋಣವೆಂದರೆ ಪುರಾವೆ ಬೇಕು. ಚೌಕಾಸಿಯ ಹುಮ್ಮಸ್ಸಿನಲ್ಲಿ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಮೂರನೇ ದಿನ ಫೋಟೋ ತೆಗೆಯಲೆಂದು ಮತ್ತೆ ಹೋದಾಗ ಆ ಬಿಳಿ ಕಾರು ಅಲ್ಲಿರಲಿಲ್ಲ. "ಯಾರೋ ಫ್ಯಾಮಿಲಿಯವರು ತಗೊಂಡ್ರು," ಎಂದ ಸೇಲ್ಸ್‌ಮ್ಯಾನ್. "ನಿಮ್ಮ ಹಾಗೆ ಚೌಕಾಸಿ ಮಾಡಲಿಲ್ಲ."

ಜೀವಕ್ಕೆ ಅಪಾಯವಿರುವ ದೋಷ ಕಂಡರೆ ಬೆಲೆಯ ಮಾತೇ ಎತ್ತಬಾರದು. ಮೊದಲು ಫೋಟೋ, ಕೂಡಲೇ ದೂರು. ಇದನ್ನು ಕಲಿಯಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ಆ ಸೀಟಿನಲ್ಲಿ ಈಗ ಯಾರು ಕೂರುತ್ತಿದ್ದಾರೋ, ನನಗೆ ಗೊತ್ತಿಲ್ಲ.