ಸರ್ವೋ ಮಾಫಿ

ಇತ್ತೀಚೆಗೆ ನನಗೆ ಬ್ರೇಕ್ ತುಳಿಯುವುದೂ ಒಂದು ಕೆಲಸ ಅನ್ನಿಸತೊಡಗಿದೆ. ಅಲ್ ವುಕೈರ್‌ನ ಮನೆಯಿಂದ ದೋಹಾದ ಆಫೀಸಿಗೆ ಹೋಗುವಾಗ ದಾರಿಯಲ್ಲಿ ಎಷ್ಟು ಸಿಗ್ನಲ್‌ಗಳಿವೆಯೋ ಅಷ್ಟು ಸಲ ಬಲಗಾಲಿನ ಮಂಡಿ ಮಾತಾಡುತ್ತದೆ. ಹಾಗೆ ನೋಡಿದರೆ ನನ್ನ ಕಾರಿನ ಬ್ರೇಕು ಬಹಳ ಮೆತ್ತಗಿದೆ. ಪಾದ ಇಟ್ಟರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಸುಸ್ತಾಗುವುದಕ್ಕೆ ಯಾವ ನೆಪವೂ ಇಲ್ಲ, ಆದರೂ ಆಗುತ್ತದೆ. ಇದನ್ನು ಹೆಂಡತಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಇಂಥ ನಾನು ಕಾರು ಕಟ್ಟಲು ಹೊರಟಿದ್ದೇನೆ. ಮನೆ ಕಟ್ಟುವುದನ್ನು ಕೇಳಿದ್ದೀರಿ, ಕಾರು ಕಟ್ಟುವುದನ್ನು ಕೇಳಿರಲಿಕ್ಕಿಲ್ಲ. ಕಿಟ್ ಕಾರ್ ಅಂತ ಒಂದಿದೆ. ಅದರ ಚೌಕಟ್ಟು, ಚಕ್ರ, ಸ್ಟೀರಿಂಗು ಎಲ್ಲ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬರುತ್ತವೆ. ನಾವೇ ಕೂತು ಜೋಡಿಸಿಕೊಳ್ಳಬೇಕು. ನನ್ನ ಆಫೀಸಿನ ಒಬ್ಬ ಇಂಗ್ಲೆಂಡಿನವ ಅರ್ಧ ಜೋಡಿಸಿದ್ದ. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟಾಗ, ನೀನೇ ಮುಗಿಸು ಎಂದು ಅದನ್ನು ನನ್ನ ತಲೆಗೆ ಕಟ್ಟಿ ಹೋದ. ಬೇಡ ಅನ್ನಲು ನಾಲಗೆ ಬರಲಿಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆದರೆ ಸ್ಪ್ಯಾನರ್ ಹಿಡಿದು ಯಾವ ಕಾಲವಾಯಿತೋ, ಈಗ ಬರೀ ಮೀಟಿಂಗುಗಳನ್ನು ಜೋಡಿಸುತ್ತೇನೆ.

ಆ ಅರ್ಧ ಕಾರು ಈಗ ಮುಐದರ್‌ನಲ್ಲಿ ಹಮೀದಾಕರ ಬಾಡಿಗೆ ವಿಲ್ಲಾದ ಹಿಂದಿನ ಶೆಡ್ಡಿನಲ್ಲಿದೆ. ಹಮೀದಾಕ ಪುತ್ತೂರಿನ ಕಡೆಯವರು, ಇಲ್ಲಿ ಗಾಡಿಗಳ ಬಿಡಿಭಾಗಗಳ ವ್ಯಾಪಾರ. ಹೆಸರಿಗೆ ಅಂಟಿದ 'ಆಕ' ಅವರ ಕಡೆ ಹಿರಿಯರಿಗೆ ಸೇರಿಸುವ ಮರ್ಯಾದೆ. ನನಗಿಂತ ಚಿಕ್ಕವರೇ ಇರಬೇಕು, ಎಲ್ಲರೂ ಕರೆಯುತ್ತಾರೆಂದು ನಾನೂ ಕರೆಯುತ್ತೇನೆ. ಈ ಕಾರನ್ನು ರಸ್ತೆಗೆ ಬಿಡಲು ಪರವಾನಗಿ ಸಿಗುವ ಭರವಸೆ ನಮಗಿಬ್ಬರಿಗೂ ಇಲ್ಲ. ವಿಲ್ಲಾದ ಮಾಲೀಕರು ವಯಸ್ಸಾದ ಕತಾರಿ. ಊರಾಚೆ ಇರುವ ತಮ್ಮ ತೋಟದೊಳಗೆ ಬೇಕಾದಷ್ಟು ಓಡಿಸಿಕೊಳ್ಳಿ ಅಂದಿದ್ದಾರೆ.

ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದ ಕೆಲಸ ಬ್ರೇಕಿನ ಹತ್ತಿರ ಬಂದು ನಿಂತಿತು. ಸರ್ವೋ ಹಾಕಬೇಕೋ ಬೇಡವೋ? ಸರ್ವೋ ಅಂದರೆ ಪೆಡಲಿನ ಮುಂದೆ ಕೂರುವ ಒಂದು ದುಂಡನೆಯ ಡಬ್ಬಿ. ಎಂಜಿನ್ನು ಗಾಳಿ ಎಳೆದುಕೊಳ್ಳುತ್ತದಲ್ಲ, ಆ ಸೆಳೆತವನ್ನೇ ಬಳಸಿಕೊಂಡು ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುತ್ತದೆ. ಲ್ಯಾಟಿನ್ನಿನಲ್ಲಿ ಆ ಪದದ ಬೇರಿಗೆ ಆಳು ಎಂಬ ಅರ್ಥವಂತೆ. ನಮ್ಮ ಸೇವೆಗೂ ಅದಕ್ಕೂ ನೆಂಟಸ್ತಿಕೆ ಉಂಟೋ ಎಂದು ತಿಳಿದವರು ಹೇಳಬೇಕು. ಸರ್ವೋ ಇಲ್ಲದಿದ್ದರೆ ತುಳಿದಷ್ಟೇ ಬ್ರೇಕು. ಹಗುರವಾದ ಕಾರಿಗೆ ಅದೇ ಸರಿ ಎನ್ನುವ ಪಂಗಡವೊಂದಿದೆ. ನೆಲದ ಸಮಾಚಾರ ನೇರವಾಗಿ ಪಾದಕ್ಕೆ ತಿಳಿಯುತ್ತದೆ, ಸರ್ವೋ ಇದ್ದರೆ ಕೊಂಚ ಜೋರಾಗಿ ತುಳಿದರೂ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ ಎನ್ನುತ್ತಾರೆ. ನಾನು ಹಿಂದೆ ಮುಂದೆ ನೋಡದೆ ಆ ಪಂಗಡ ಸೇರಿದೆ.

ನಮ್ಮ ಮಾತನ್ನೇ ಗಮನಿಸಿ. ಸೈಕಲಿಗಾದರೆ ಬ್ರೇಕ್ ಹಿಡಿಯುತ್ತೇವೆ, ಕಾರಿಗೆ ಬ್ರೇಕ್ ಹಾಕುತ್ತೇವೆ. ಹಿಡಿಯುವುದರಲ್ಲಿ ನಮ್ಮ ಕೈಯಿದೆ. ಹಾಕುವುದು ಫ್ಯಾನ್ ಹಾಕಿದ ಹಾಗೆ. ಮೈಸೂರಿನಲ್ಲಿ ನನ್ನ ಸೈಕಲಿನ ಬ್ರೇಕಿಗೆ ರಬ್ಬರೇ ಇರಲಿಲ್ಲ, ಇಳಿಜಾರಿನಲ್ಲಿ ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಬದುಕೆಲ್ಲ ಹಾಕುವುದೇ ಆಗಿದೆ. ಏಸಿ ಹಾಕು, ಲಿಫ್ಟಿನ ಗುಂಡಿ ಒತ್ತು, ಗಾಜಿನ ಬಾಗಿಲು ತಾನಾಗಿ ತೆರೆಯುವವರೆಗೆ ನಿಂತಿರು. ಇಷ್ಟೆಲ್ಲ ಸಹಾಯ ಮಾಡಿಸಿಕೊಂಡೂ ಸಂಜೆಯ ಹೊತ್ತಿಗೆ ಮನುಷ್ಯ ಹೇಗೆ ಇಷ್ಟು ದಣಿಯುತ್ತಾನೆ ಎನ್ನುವುದು ನನಗೆ ಇನ್ನೂ ಗೊತ್ತಾಗಿಲ್ಲ.

"ನಿಮ್ಮದೆಂತ ಹಠ ಮಾರಾಯ್ರೇ" ಎಂದರು ಹಮೀದಾಕ. "ಒಂದು ಸರ್ವೋ ತಂದು ಹಾಕುವ, ಖಲಾಸ್."

"ಬೇಡ. ಕಾಲಿನ ಕೆಲಸ ಕಾಲೇ ಮಾಡ್ಬೇಕು" ಎಂದೆ.

ಮಾತು ಭಾರಿಯಾಗಿತ್ತು, ಒಳಗಿದ್ದದ್ದು ಭಯ. ಸರ್ವೋ ಒಪ್ಪಿಕೊಂಡರೆ ಕಾಲು ಕೈಕೊಟ್ಟಿತು ಎಂದು ಒಪ್ಪಿಕೊಂಡ ಹಾಗೆ. ಅಷ್ಟು ಒಪ್ಪಿಕೊಂಡ ಮೇಲೆ ಇನ್ನೇನೇನು ಒಪ್ಪಿಕೊಳ್ಳಬೇಕಾಗುತ್ತದೋ ಎಂದು ಅಂಜಿಕೆಯಾಗಿತ್ತು.

ಕಳೆದ ಶುಕ್ರವಾರ ಹೆಂಡತಿ ಸುಮಿತ್ರಾಳೂ ಶೆಡ್ಡಿಗೆ ಬಂದಳು. ಮೈಸೂರಿನ ಹೈಸ್ಕೂಲೊಂದರಲ್ಲಿ ಮೇಡಂ ಆಗಿದ್ದವಳು, ನಿವೃತ್ತಿಯಾಗಿ ಈಚೆಗಷ್ಟೇ ಇಲ್ಲಿಗೆ ಬಂದಿದ್ದಾಳೆ. ಅಲ್ಲಿಯವರೆಗೆ ನಮ್ಮ ಸಂಸಾರ ಬಹುಪಾಲು ಫೋನಿನಲ್ಲಿ ನಡೆದದ್ದು. ಫೋನಿನಲ್ಲಿ ಮಂಡಿ ಕಾಣುವುದಿಲ್ಲ, ಅದೊಂದು ಅನುಕೂಲವಿತ್ತು.

ಕಾರಿನ ಮುಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿದ್ದೆವು. ನಾನು ಪೆಡಲ್ ತುಳಿಯುವುದು, ಹಮೀದಾಕ ಚಕ್ರ ತಿರುಗಿಸಿ ಬ್ರೇಕು ಹಿಡಿದಿದೆಯೋ ಇಲ್ಲವೋ ನೋಡುವುದು. ತುಳಿದೆ. ಮಂಡಿಯಲ್ಲಿ ಚಳುಕು ಹೊಡೆದು ಕಾಲು ತಾನಾಗಿ ಸಡಿಲವಾಯಿತು.

"ತಿರುಗ್ತಾ ಉಂಟಲ್ಲ ಇದು" ಎಂದರು ಹಮೀದಾಕ.

"ಪೈಪಲ್ಲಿ ಗಾಳಿ ಸೇರಿದೆ" ಎಂದೆ. ಬ್ರೇಕಿನ ಎಣ್ಣೆಯ ಪೈಪಿನೊಳಗೆ ಗಾಳಿ ಸೇರಿದರೆ ಒತ್ತಡ ಚಕ್ರದವರೆಗೆ ಮುಟ್ಟುವುದಿಲ್ಲ. ಎಂಜಿನಿಯರಿಗೆ ಇಂಥ ಕಾರಣಗಳಿಗೆ ಬರವಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದರು. ನನ್ನನ್ನು ಎಬ್ಬಿಸಿ ತಾವು ಕೂತರು, ಪೆಡಲ್ ತುಳಿದು ನೋಡಿದರು, ಡಬ್ಬಿ ಇರಬೇಕಾದ ಖಾಲಿ ಜಾಗವನ್ನು ಇಣುಕಿ, "ಸರ್ವೋ ಮಾಫಿ" ಎಂದು ತಲೆಯಾಡಿಸಿದರು. ಆಮೇಲೆ ನನ್ನ ಹೆಗಲು ತಟ್ಟಿ ಹೊರಟರು. ಹಮೀದಾಕ ಅವರನ್ನು ಗೇಟಿನವರೆಗೆ ಬಿಟ್ಟು ಸುಲೈಮಾನಿ ಚಹಾ ತರಲು ಒಳಗೆ ಹೋದರು. ನಾನು ಮತ್ತೆ ಸೀಟಿನಲ್ಲಿ ಕುಸಿದೆ.

ಸುಮಿತ್ರಾಳ ಮುಖ ಅರಳಿತ್ತು. "ಎಷ್ಟು ಒಳ್ಳೆಯವರು ರೀ. ಮಾಫಿ ಮಾಡೇಬಿಟ್ರಲ್ಲ."

"ಏನನ್ನ?"

"ಸರ್ವೋನ. ನಿಮಗೆ ಅದಿಲ್ದಿದ್ರೂ ಪರವಾಗಿಲ್ಲ, ವಿನಾಯಿತಿ ಅಂತ."

ಅವಳ ಶಾಲೆಯಲ್ಲಿ ಫೀಸು ಮಾಫಿಯಾಗುತ್ತಿತ್ತು, ದಂಡ ಮಾಫಿಯಾಗುತ್ತಿತ್ತು. ಇಲ್ಲಿಯ ಅರಬ್ಬಿಯಲ್ಲಿ ಮಾಫಿ ಅಂದರೆ 'ಇಲ್ಲ', ಅಷ್ಟೆ. ಅಂಗಡಿಯಲ್ಲಿ ಹಾಲು ಮಾಫಿ, ಪಾರ್ಕಿಂಗ್ ಮಾಫಿ, ಬೇಕಾದಾಗ ರಜೆ ಮಾಫಿ. ಈ ಇಲ್ಲಗಳನ್ನೇ ಕೇಳಿ ಕೇಳಿ ಆ ಪದಕ್ಕೆ ನಮ್ಮ ಊರಲ್ಲಿ ಬೇರೊಂದು ಅರ್ಥವಿದೆ ಎನ್ನುವುದೇ ನನಗೆ ಮರೆತುಹೋಗಿತ್ತು.

"ಇಲ್ಲಿ ಮಾಫಿ ಅಂದ್ರೆ ಇಲ್ಲ ಅಂತ ಕಣೆ. ಸರ್ವೋನೇ ಇಲ್ವಲ್ಲ ಅಂದ್ರು ಅವರು."

"ಅಷ್ಟೇನಾ? ಯಾರೋ ಒಬ್ರಾದ್ರೂ ನಿಮಗೆ ಏನೋ ಒಂದು ಮಾಫಿ ಮಾಡಿದ್ರು ಅಂದ್ಕೊಂಡೆ. ನೀವಾಗಿ ಅಂತೂ ಮಾಡ್ಕೊಳ್ಳಲ್ಲ."

ನಾನು ಸ್ಟೀರಿಂಗಿನ ಮೇಲಿನ ಧೂಳು ಒರೆಸತೊಡಗಿದೆ.

"ಏಳಿ, ನಾನು ನೋಡ್ತೀನಿ" ಎಂದಳು. ಸೀರೆಯನ್ನು ಸ್ವಲ್ಪ ಎತ್ತಿಕಟ್ಟಿ, ಚಪ್ಪಲಿ ಬಿಟ್ಟು ಕೂತು ಪೆಡಲ್ ತುಳಿದಳು. ನಾನು ಚಕ್ರ ಹಿಡಿದು ತಿರುಗಿಸಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಕದಲಲಿಲ್ಲ.

"ಗಾಳಿ ಹೋಯ್ತಾ?" ಎಂದು ಕೇಳಿದಳು.

"ಹೋಯ್ತು" ಎಂದೆ.

"ನೀವು ಮೆಟ್ಟಿಲು ಇಳಿಯೋದನ್ನ ದಿನಾ ನೋಡ್ತಿದ್ದೀನಿ ರೀ" ಎಂದಳು ಮೆಲ್ಲಗೆ. ಹಮೀದಾಕ ಚಹಾದ ತಟ್ಟೆ ಹಿಡಿದು ಬರುತ್ತಿದ್ದರು.

"ಯಲ್ಲಾ, ಬೇಗ ಬೇಗ ಒಂದು ಹೇಳಿಬಿಡಿ. ಸರ್ವೋ ತರುದಾ ಬೇಡ್ವಾ?"

ಬೇಕು ಅನ್ನಲು ಬಾಯಿ ತೆರೆದೆ. ಅಷ್ಟು ದಿನ ಮಾಡಿದ ಹಠವೆಲ್ಲ ಅಡ್ಡ ನಿಂತು ಆ ಒಂದು ಮಾತು ಹೊರಡಲಿಲ್ಲ.

"ತಂದುಬಿಡಿ ಹಮೀದಣ್ಣ" ಎಂದಳು ಸುಮಿತ್ರಾ. "ನನಗೂ ಇದನ್ನ ಓಡಿಸೋ ಆಸೆ. ಆದ್ರೆ ಈ ಪೆಡಲು ನನ್ನ ಕಾಲಿಗೆ ಬಗ್ಗೋದೇ ಇಲ್ಲ ನೋಡಿ."

ಹಮೀದಾಕ ನನ್ನ ಕಡೆ ತಿರುಗಿದರು. ನಾನು ಗಂಭೀರವಾಗಿ ಸ್ವಲ್ಪ ಯೋಚಿಸಿದೆ. ಹೆಂಡತಿಗೋಸ್ಕರ ದೊಡ್ಡದೊಂದು ತತ್ವವನ್ನೇ ಬಿಟ್ಟುಕೊಡುವವನ ಹಾಗೆ ನಿಟ್ಟುಸಿರು ಬಿಟ್ಟು, "ಅವಳು ಅಷ್ಟು ಹೇಳ್ತಾಳಲ್ಲ, ಹಾಕಿ" ಎಂದೆ.